ನೀರು ಉಳಿಸುವ ನಲ್ಲಿ ಹಾಕಿದ ಮೇಲೆ ಬಿಂದಿಗೆ ತುಂಬುತ್ತಿಲ್ಲ: ತಪ್ಪು ನಲ್ಲಿಯದೋ, ಟ್ಯಾಂಕಿನ ಎತ್ತರದ್ದೋ, ಉಪ್ಪಿನದೋ?

ಅಂತರಗಂಗೆ ಬದಿ (ಕೋಲಾರ)

ಒಂದಂತಸ್ತಿನ ಮನೆ. 1000 ಲೀಟರ್ ಟ್ಯಾಂಕ್ ತಾರಸಿಯ ಮೇಲೇ ಕೂತಿದೆ, ಸ್ಟ್ಯಾಂಡ್ ಇಲ್ಲ. ಬೋರ್‌ವೆಲ್ ನೀರು, ಉಪ್ಪು ಜಾಸ್ತಿ. ಅಡುಗೆಮನೆ ಸಿಂಕ್, ವಾಶ್ ಬೇಸಿನ್, ಬಚ್ಚಲು, ಮೂರೂ ಕಡೆ ನೀರು ಉಳಿಸುವ ಫೋಮ್ ಫ್ಲೋ ನಲ್ಲಿಗಳಿವೆ, ಅಂದರೆ ತುದಿಯ ಜಾಲರಿಯಲ್ಲಿ (ಏರಿಯೇಟರ್) ಗಾಳಿ ಬೆರೆತು ನೊರೆಯಂತೆ ನೀರು ಬರುವಂಥವು. ಡಬ್ಬಿಯ ಮೇಲೆ ನಿಮಿಷಕ್ಕೆ 6 ಲೀಟರ್ ಅಂತ ಅಚ್ಚಾಗಿದೆ. ಅಳತೆ ಪಾತ್ರೆ ಇಟ್ಟು ನೋಡಿದರೆ ಸಿಂಕ್‌ನಲ್ಲಿ ಸಿಗುತ್ತಿರುವುದು ಒಂದೂವರೆ ಲೀಟರ್. 10 ಲೀಟರ್ ಬಕೆಟ್‌ಗೆ ಏಳು ನಿಮಿಷದ ಹತ್ತಿರ. ಬಚ್ಚಲಲ್ಲಿ ಬಿಸಿನೀರು ತಿರುಗಿಸಿದರೆ ಗ್ಯಾಸ್ ಗೀಸರ್ ಹೊತ್ತಿಕೊಳ್ಳುವುದೇ ಇಲ್ಲ.

ಪ್ರಶ್ನೆ ಎರಡು. ಕಂಪನಿ ಹೇಳಿದ 6 ಲೀಟರ್ ಯಾಕೆ ಬರುತ್ತಿಲ್ಲ? ಎಲ್ಲ ಬಿಚ್ಚಿ ಹಳೇ ನಲ್ಲಿ ಹಾಕುವುದೊಂದೇ ದಾರಿಯಾ? ನೀರು ಪೋಲಾಗುವುದು ಬೇಡ, ಆದರೆ ಕೆಲಸವೂ ಸಾಗಬೇಕು.

ಪೈಪು ಪಾನಾ (ಮುಳಬಾಗಿಲು)

ಸರ್, ನಲ್ಲಿ ಕೆಟ್ಟಿಲ್ಲ. ಆ 6 ಲೀಟರ್ ಅನ್ನೋದು 3 ಬಾರ್ ಒತ್ತಡದಲ್ಲಿ ಅಳೆದಿದ್ದು. 3 ಬಾರ್ ಅಂದ್ರೆ ನಲ್ಲಿಗಿಂತ 30 ಮೀಟರ್ ಮೇಲೆ ನೀರು ನಿಂತಿರಬೇಕು, ಹೆಚ್ಚು ಕಡಿಮೆ ಹತ್ತು ಅಂತಸ್ತು. ನಿಮ್ಮ ಮನೇಲಿ ತಾರಸಿ ಮೂರು ಮೀಟರ್ ಚಿಲ್ಲರೆ, ಅದರ ಮೇಲೆ ಟ್ಯಾಂಕಲ್ಲಿ ನೀರು ಅರ್ಧ ಮೀಟರೋ ಮುಕ್ಕಾಲು ಮೀಟರೋ, ಸಿಂಕ್ ನಲ್ಲಿ ನೆಲದಿಂದ ಒಂದು ಮೀಟರ್ ಮೇಲೆ. ಕಳೆದು ನೋಡಿ, ಉಳಿಯೋದು ಎರಡೂವರೆ ಮೂರು ಮೀಟರ್. ಅಂದ್ರೆ ಕಾಲು ಬಾರ್.

ಒತ್ತಡ ಹನ್ನೆರಡನೇ ಒಂದು ಪಾಲಾದ್ರೆ ನೀರೂ ಹನ್ನೆರಡನೇ ಒಂದು ಪಾಲಾಗೋದಿಲ್ಲ, ವರ್ಗಮೂಲದ ಲೆಕ್ಕದಲ್ಲಿ ಇಳೀತದೆ. 6 ಲೀಟರಿನದು ಹತ್ರ ಹತ್ರ 1.7ಕ್ಕೆ ಬರ್ತದೆ. ಪೈಪಲ್ಲಿ ಸ್ವಲ್ಪ ಕಳೆದ್ರೆ ನೀವು ಅಳೆದ ಒಂದೂವರೆ. 8 ಲೀಟರಿನದು ಹಾಕಿದ್ರೂ 2.3 ದಾಟೋದಿಲ್ಲ. 3 ಲೀಟರಿನ ಜಾಲರಿ ಹಾಕಿದ್ರೆ ನಿಮಿಷಕ್ಕೆ ಒಂದು ಲೀಟರೂ ಇಲ್ಲ.

ಶಿರಾ ಗೇಟ್ (ತುಮಕೂರು)

ಮೇಲಿನ ಲೆಕ್ಕ ಸರಿ. ಅದಕ್ಕೆ ಸೇರಿಸುವುದು: ಜಾಲರಿಯೊಳಗೆ ಕೂತು ನೀರು ಮಿತಗೊಳಿಸುವ ಈ ಸಣ್ಣ ಬಿಲ್ಲೆಗಳ ವಿನ್ಯಾಸ ಬಂದಿರುವುದೇ ಕೊಳವೆಯಲ್ಲಿ ಸದಾ 3–4 ಬಾರ್ ಇರುವ ಊರುಗಳಿಂದ. ಅಮೆರಿಕದ ಮಿತಿ ನಿಮಿಷಕ್ಕೆ 8.3 ಲೀಟರ್, ಅದನ್ನು ಅಳೆಯುವುದು 4.1 ಬಾರ್‌ನಲ್ಲಿ. ಅಷ್ಟು ಒತ್ತಡದಲ್ಲಿ ಬಿಲ್ಲೆ ಇಲ್ಲದ ಬಿಡಿ ನಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಸುರಿಯುತ್ತೆ, ಅಲ್ಲಿ ಬಿಲ್ಲೆಗೆ ಕೆಲಸ ಇದೆ. ನಮ್ಮಲ್ಲಿ ತಾರಸಿ ಟ್ಯಾಂಕಿನಿಂದ ಬರುವ ಕಾಲು ಬಾರ್ ತಾನಾಗಿಯೇ ಮಿತ. ಅದರ ಮೇಲೆ ಇನ್ನೊಂದು ಮಿತಿ ಹೇರಿದಂತಾಗುತ್ತೆ.

ಬಿಲ್ಲೆಯಲ್ಲಿ ಎರಡು ಬಗೆ. ಒಂದು ಬರೀ ಸಣ್ಣ ತೂತಿನದು. ಇನ್ನೊಂದರಲ್ಲಿ ರಬ್ಬರ್ ಓ-ರಿಂಗ್ ಇರುತ್ತೆ. ಒತ್ತಡ ಏರಿದಂತೆ ರಿಂಗ್ ಹಿಗ್ಗಿ ದಾರಿ ಕಿರಿದು ಮಾಡುತ್ತೆ, ಒತ್ತಡ ಇಳಿದಾಗ ಸಡಿಲಾಗುತ್ತೆ. ಕಡಿಮೆ ಒತ್ತಡದ ಮನೆಗೆ ಎರಡನೆಯದು ವಾಸಿ. ಆದರೆ ಸುಮಾರು 1 ಬಾರ್‌ಗಿಂತ ಕೆಳಗೆ ಅದು ನಿಯಂತ್ರಣದ ಕೆಲಸ ಮಾಡುವುದಿಲ್ಲ, ಸುಮ್ಮನೆ ಅಡ್ಡ ನಿಂತಿರುತ್ತೆ.

ಗಾಳಿ ಬೆರೆಯುವ ವಿಷಯವೂ ಅಷ್ಟೆ. ನೊರೆಯ ಹಾಗೆ ಮೆತ್ತಗೆ ಬರಬೇಕಾದರೆ ನೀರು ಜೋರಾಗಿ ಜಾಲರಿಗೆ ಬಡಿದು ಪಕ್ಕದ ಸಂದಿನಿಂದ ಗಾಳಿ ಎಳೆದುಕೊಳ್ಳಬೇಕು. ಕಾಲು ಬಾರ್‌ನಲ್ಲಿ ಅದು ನಡೆಯುವುದೇ ಇಲ್ಲ. ನೊರೆಯೂ ಇಲ್ಲ, ಧಾರೆಯೂ ಇಲ್ಲ.

ಏನನ್ನಾದರೂ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ನಲ್ಲಿಯ ತುದಿಯ ಜಾಲರಿ ಬಿಚ್ಚಿ, ಬೇರೆ ಯಾವ ನಲ್ಲಿಯೂ ತೆರೆದಿಲ್ಲ ಎಂದು ನೋಡಿಕೊಂಡು, ಪೂರ್ತಿ ತಿರುಗಿಸಿ 10 ಲೀಟರ್ ಬಕೆಟ್ ತುಂಬುವ ಹೊತ್ತು ಹಿಡಿಯಿರಿ. 600ನ್ನು ಸೆಕೆಂಡಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂದು ಸಿಗುತ್ತೆ. ಜಾಲರಿ ಇಲ್ಲದೆ 7–8 ಲೀಟರ್ ಬಂದರೆ ಪೈಪ್ ಚೆನ್ನಾಗಿದೆ, ತಡೆ ಜಾಲರಿಯದು. 4ಕ್ಕಿಂತ ಕಡಿಮೆ ಇದ್ದರೆ ಹಿಂದೆ ಎಲ್ಲೋ ಕಟ್ಟಿಕೊಂಡಿದೆ, ಜಾಲರಿ ಬದಲಿಸಿ ಪ್ರಯೋಜನವಿಲ್ಲ.

ಮಾಲೂರು ಹೆಂಚು

ಎಲ್ಲ ಕಡೆ ಹಾಕಿದ್ದೇ ತಪ್ಪು. ಬಕೆಟ್, ಬಿಂದಿಗೆ, ಕುಕ್ಕರ್ ತುಂಬುವ ನಲ್ಲಿಗೆ ಏರಿಯೇಟರ್ ಹಾಕಿ ಒಂದು ತೊಟ್ಟು ನೀರೂ ಉಳಿಯುವುದಿಲ್ಲ. 15 ಲೀಟರ್ ಬಕೆಟ್‌ಗೆ 15 ಲೀಟರೇ ಬೇಕು, ಎರಡು ನಿಮಿಷದಲ್ಲಿ ತುಂಬಿದರೂ ಹತ್ತು ನಿಮಿಷದಲ್ಲಿ ತುಂಬಿದರೂ. ಕಾಯಲಾರದೆ ನಲ್ಲಿ ಬಿಟ್ಟು ಆಚೆ ಹೋದರೆ ಬಕೆಟ್ ತುಂಬಿ ಹರಿಯುತ್ತೆ, ಉಳಿಸಿದ್ದಕ್ಕಿಂತ ಹೋಗುವುದೇ ಹೆಚ್ಚು. ಬಚ್ಚಲಿನ ಬಿಬ್ ಕಾಕ್ (ಗೋಡೆಯ ಸಾದಾ ನಲ್ಲಿ), ಹಿತ್ತಲ ನಲ್ಲಿ, ವಾಷಿಂಗ್ ಮಷೀನಿನ ನಲ್ಲಿ, ಈ ಮೂರಕ್ಕೆ ಯಾವ ಕಾರಣಕ್ಕೂ ಬೇಡ.

ಗೌರಿಬಿದನೂರು ಅಡುಗೆಮನೆ

ಬಕೆಟ್ ವಿಷಯದಲ್ಲಿ ಒಪ್ಪುತ್ತೇನೆ. ಆದರೆ ಕೈ ತೊಳೆಯೋದು, ಸೊಪ್ಪು ತೊಳೆಯೋದು, ಸೋಪು ಹಚ್ಚಿದ ತಟ್ಟೆ ಜಾಲಿಸೋದು, ಇವೆಲ್ಲ ಹರಿಯುವ ನೀರಿನ ಕೆಲಸ. ನಲ್ಲಿ ತೆರೆದಿರುವಷ್ಟು ಹೊತ್ತೂ ನೀರು ಹೋಗುತ್ತಲೇ ಇರುತ್ತೆ. ಅಲ್ಲಿ ಧಾರೆ ಹದವಾಗಿದ್ದರೆ ಖಂಡಿತ ಉಳಿತಾಯ. ಸಾವಿರ ಅಡಿ ಆಳದಿಂದ ಕರೆಂಟು ಸುಟ್ಟು ಎತ್ತಿದ ನೀರನ್ನು ವಾಶ್ ಬೇಸಿನ್‌ನಲ್ಲಿ ದಬದಬ ಅಂತ ಬಿಡೋದಕ್ಕೆ ನನ್ನ ಮನಸ್ಸು ಒಪ್ಪೋದಿಲ್ಲ.

ಅಡುಗೆಮನೆಯಲ್ಲಿ ಎರಡೂ ಕೆಲಸ ಇರೋದರಿಂದ ಎರಡು ನಲ್ಲಿ ಇರಲಿ. ಸಿಂಕ್ ಮೇಲಿನದಕ್ಕೆ ಜಾಲರಿ. ಪಕ್ಕದಲ್ಲಿ, ಬಿಂದಿಗೆ ನಿಲ್ಲುವಷ್ಟು ಎತ್ತರದಲ್ಲಿ, ಜಾಲರಿ ಇಲ್ಲದ ಒಂದು ಬಿಬ್ ಕಾಕ್. ಗೋಡೆ ಒಡೆಯಲು ಆಗದಿದ್ದರೆ ಸಿಂಕ್ ಕೆಳಗಿನ ಆಂಗಲ್ ಕಾಕ್ (ಗೋಡೆಯಿಂದ ಬರುವ ನೀರನ್ನು ನಿಲ್ಲಿಸುವ ಸಣ್ಣ ತಿರುಪು) ಬಿಚ್ಚಿ ಟೂ-ವೇ ಆಂಗಲ್ ಕಾಕ್ ಹಾಕಿಸಿ. ಒಂದು ಬಾಯಿಂದ ಸಿಂಕ್ ನಲ್ಲಿಗೆ, ಇನ್ನೊಂದರಿಂದ ಮೆತುವಾದ ಪೈಪ್ ಎಳೆದು ಬಿಂದಿಗೆಗೆ.

ಪಾತ್ರೆ ವಿಷಯ. ಎಷ್ಟೇ ಒಳ್ಳೆ ನಲ್ಲಿ ಇದ್ದರೂ ಟಬ್ಬಿನಲ್ಲಿ ನೀರು ಹಿಡಿದು ಮೊದಲ ಸುತ್ತು ಅದರಲ್ಲೇ ಜಾಲಿಸಿ, ಕೊನೆಯ ಸುತ್ತಿಗೆ ಮಾತ್ರ ನಲ್ಲಿ ತೆರೆದರೆ ಆಗುವ ಉಳಿತಾಯ ಯಾವ ಏರಿಯೇಟರಿನಿಂದಲೂ ಆಗೋದಿಲ್ಲ.

ಅಂತರಗಂಗೆ ಬದಿ (ಕೋಲಾರ)

ಶಿರಾ ಗೇಟ್ ಸರ್ ಹೇಳಿದ ಹಾಗೆ ಅಳತೆ: ಜಾಲರಿ ಬಿಚ್ಚಿದ ಮೇಲೆ ಸಿಂಕ್‌ನಲ್ಲಿ 3.8 ಲೀಟರ್. ಬಚ್ಚಲಲ್ಲಿ ತಣ್ಣೀರು 7 ಲೀಟರ್, ಬಿಸಿನೀರು 2. ಜಾಲರಿಯ ಮೇಲೆ ಬಿಳಿ ಹೆಕ್ಕಳಿಕೆ, ಜೊತೆಗೆ ಟೆಫ್ಲಾನ್ ಟೇಪಿನ ಎಳೆ.

ಪೈಪು ಪಾನಾ (ಮುಳಬಾಗಿಲು)

ಒಂದೇ ಟ್ಯಾಂಕು, ಒಂದೇ ಪೈಪು. ಬಚ್ಚಲ ತಣ್ಣೀರಿಗೆ 7 ಬರೋವಾಗ ಸಿಂಕಿಗೆ 3.8 ಅಂದ್ರೆ ಸಿಂಕ್ ಕಡೆ ಕವಲಲ್ಲಿ ತಡೆ ಐತೆ. ಹೊರಗಿಂದ ಒಳಕ್ಕೆ ಒಂದೊಂದೇ ನೋಡ್ತಾ ಹೋಗಿ.

ಮೊದಲು ಸಿಂಕ್ ಕೆಳಗಿನ ಆಂಗಲ್ ಕಾಕ್. ಪೂರ್ತಿ ತೆರೆದಿದ್ಯಾ ನೋಡಿ, ಅರ್ಧ ತಿರುಗಿಸಿ ಬಿಟ್ಟಿರೋದು ಬಹಳ. ಆಮೇಲೆ ಆಂಗಲ್ ಕಾಕ್ ಮುಚ್ಚಿ, ಕನೆಕ್ಷನ್ ಪೈಪನ್ನ ನಲ್ಲಿ ಕಡೆ ಬಿಚ್ಚಿ ಬಕೆಟ್ಟಿಗೆ ಬಿಟ್ಟು ತೆರೀರಿ. ಜೋರಾಗಿ ಬಂದ್ರೆ ತೊಂದರೆ ನಲ್ಲಿ ಒಳಗೆ. ಬರದಿದ್ರೆ ಪೈಪಿನ ಇನ್ನೊಂದು ತುದೀನೂ ಬಿಚ್ಚಿ ಬಾಯಲ್ಲಿ ಊದಿ ನೋಡಿ. ಅಗ್ಗದ ಕನೆಕ್ಷನ್ ಪೈಪಲ್ಲಿ ಒಳಗಿನ ರಬ್ಬರ್ ಟ್ಯೂಬು ಮಡಚಿಕೊಂಡು ದಾರಿ ಮುಚ್ತದೆ, ಹೊರಗಿನ ಸ್ಟೀಲ್ ಹೆಣಿಗೆ ನೋಡಿದ್ರೆ ಗೊತ್ತೇ ಆಗೋದಿಲ್ಲ. ತುದೀಲಿ ಹಾಕೋ ವಾಶರ್ ಬಿಗಿ ಮಾಡಿ ಮಾಡಿ ಉಬ್ಬಿ ತೂತು ಸಣ್ಣಗಾಗಿರೋದೂ ಉಂಟು.

ಪೈಪು ಸರಿ ಇದ್ರೆ ನಲ್ಲಿ ಕಾರ್ಟ್ರಿಜ್, ಅಂದ್ರೆ ಹಿಡಿ ಕೆಳಗೆ ನೀರು ತೆರೆದು ಮುಚ್ಚೋ ಭಾಗ. ಹಿಡಿ ಮೇಲಿನ ಮುಚ್ಚಳ ಎಬ್ಬಿಸಿ, ಸ್ಕ್ರೂ ತೆಗೆದು ಹಿಡಿ ಎತ್ತಿ, ಪಾನಾದಲ್ಲಿ ಅಪ್ರದಕ್ಷಿಣವಾಗಿ ಬಿಚ್ಚಿ. ಕಾಲು ಸುತ್ತಿನ ನಲ್ಲಿಗೆ ಒಳಗೆ ಪಿಂಗಾಣಿ ಬಿಲ್ಲೆ ಎರಡು ಇರ್ತವೆ, ಒಂದರ ಮೇಲೊಂದು ತಿರುಗೋದು. ಅವುಗಳ ಕಿಟಕಿಯಲ್ಲಿ ಉಪ್ಪು ಇಲ್ಲಾ ಟೇಪಿನ ಚೂರು ಸಿಕ್ಕಿರ್ತದೆ. ಪಿಂಗಾಣಿನ ಚಾಕೂಲಿ ಕೆರೀಬೇಡಿ, ಗೀರು ಬಿದ್ರೆ ಆಮೇಲೆ ತೊಟ್ಟಿಕ್ಕೋದು ನಿಲ್ಲಲ್ಲ. ವಾಪಸ್ ಹಾಕೋವಾಗ ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಚೂರು ಸವರಿ. ಕೊಬ್ರಿ ಎಣ್ಣೆ, ಗಾಡಿ ಗ್ರೀಸು ಬೇಡ, ರಬ್ಬರ್ ಊದಿಕೊಂಡು ಹಾಳಾಗ್ತದೆ.

ಟೇಪಿನ ಎಳೆ ಜಾಲರೀಲಿ ಸಿಕ್ಕಿದೆ ಅಂದ್ರೆ ಫಿಟ್ಟಿಂಗ್ ಮಾಡ್ದೋರು ಥ್ರೆಡ್ಡಿನ ಬಾಯಿ ದಾಟಿ ಸುತ್ತಿದ್ದಾರೆ. ಮೊದಲ ಒಂದು ಸುತ್ತು ಥ್ರೆಡ್ ಬಿಟ್ಟು ಟೇಪ್ ಹಾಕಬೇಕು, ಆಗ ಎಳೆ ನೀರಿಗೆ ಸೇರೋದಿಲ್ಲ. ಹೊಸ ಲೈನು ಮಾಡಿಸಿದಾಗ ನಲ್ಲಿ ಜಾಲರಿ ಎಲ್ಲ ಬಿಚ್ಚಿಟ್ಟು ಐದು ನಿಮಿಷ ನೀರು ಬಿಟ್ಟು ಆಮೇಲೆ ಹಾಕಿ. ಸಿಪಿವಿಸಿ (ಪ್ಲಾಸ್ಟಿಕ್) ಪೈಪು ಕೊಯ್ದ ಗರಗಸದ ಪುಡಿ, ಸಿಮೆಂಟು, ಮರಳು ಎಲ್ಲ ಮೊದಲ ದಿನವೇ ಬಂದು ಕೂರ್ತದೆ.

ಚಿಂತಾಮಣಿಯ ಅಂಗಡಿಯವ

ಜಾಲರಿ ಕೊಳ್ಳುವವರಿಗೆ. ಅಂಗಡಿಗೆ ಬಂದು "ನಲ್ಲಿ ಫಿಲ್ಟರ್ ಕೊಡಿ" ಅಂದರೆ ಕೊಡುವವನಿಗೂ ಗೊತ್ತಾಗುವುದಿಲ್ಲ. ಹಳೆಯದನ್ನೇ ಬಿಚ್ಚಿ ತನ್ನಿ. ಹೆಚ್ಚಾಗಿ ನಡೆಯುವುದು ಎರಡು ಅಳತೆ: ಜಾಲರಿಯ ಹೊರಮೈಯಲ್ಲಿ ಥ್ರೆಡ್ ಇದ್ದರೆ 24 ಮಿಲಿಮೀಟರ್, ಒಳಮೈಯಲ್ಲಿದ್ದರೆ 22. ನಲ್ಲಿಯ ಮೂತಿಯೊಳಗೆ ಹುದುಗಿ ಕಾಣದಂತೆ ಇರುವ ಜಾತಿಯೂ ಇದೆ. ಅದಕ್ಕೆ ಹಲ್ಲು ಹಲ್ಲಾದ ಪ್ಲಾಸ್ಟಿಕ್ ಕೀ ನಲ್ಲಿಯ ಡಬ್ಬಿಯಲ್ಲೇ ಬಂದಿರುತ್ತದೆ, ಎಸೆಯಬೇಡಿ.

ಬಿಚ್ಚುವ ಕ್ರಮ: ಸಿಂಕ್‌ನ ತೂತಿಗೆ ಬಟ್ಟೆ ತುರುಕಿ, ವಾಶರ್ ಬಿದ್ದರೆ ಕೊಳಚೆ ಪೈಪಿಗೆ ಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ನೋಡಿದಾಗ ಅಪ್ರದಕ್ಷಿಣವಾಗಿ ತಿರುಗಿಸಿ. ಬರಿಗೈ ಜಾರಿದರೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಹಿಡಿಯಿರಿ. ಇಕ್ಕಳ ಹಾಕಲೇಬೇಕಾದರೆ ದಪ್ಪ ಬಟ್ಟೆ ಮಧ್ಯೆ ಇಟ್ಟು, ಮೆಲ್ಲಗೆ. ಜೋರಾಗಿ ಹಿಸುಕಿದರೆ ಹಿತ್ತಾಳೆ ಉಂಗುರ ಮೊಟ್ಟೆಯಾಕಾರಕ್ಕೆ ತಿರುಗಿ ಮತ್ತೆ ಥ್ರೆಡ್ ಕೂರುವುದಿಲ್ಲ.

ಒಳಗಿನ ಸಾಮಾನು ಮೇಲಿನಿಂದ ಕೆಳಕ್ಕೆ ಹೀಗಿರುತ್ತದೆ: ರಬ್ಬರ್ ವಾಶರ್, ಸಣ್ಣ ಗುಮ್ಮಟದಂಥ ಜರಡಿ, ಬಣ್ಣದ ಮಿತಿಬಿಲ್ಲೆ, ಗಾಳಿ ಬೆರೆಸುವ ಭಾಗ, ಕೆಳಗೆ ಸಣ್ಣ ಕಣ್ಣಿನ ಜಾಲರಿ. ಬಿಚ್ಚುವಾಗ ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಬಿಲ್ಲೆ ತಲೆಕೆಳಗಾದರೆ ನೀರು ಪಕ್ಕಕ್ಕೆ ಚಿಮ್ಮುತ್ತದೆ. ಬಿಲ್ಲೆಯ ಬಣ್ಣ ನೋಡಿ ಲೀಟರ್ ಊಹಿಸಬೇಡಿ, ಕಂಪನಿಯಿಂದ ಕಂಪನಿಗೆ ಬಣ್ಣ ಬೇರೆ. ಅಚ್ಚಾದ ಅಂಕಿ ನೋಡಿ.

ಕೋಲಾರದ ಸರ್‌ಗೆ ನನ್ನ ಸಲಹೆ: ಸಿಂಕ್ ಮತ್ತು ಬೇಸಿನ್‌ನಲ್ಲಿ ಜಾಲರಿಯ ಕವಚ ಇರಲಿ, ಬಣ್ಣದ ಬಿಲ್ಲೆಯನ್ನು ಮಾತ್ರ ಮೊನಚಾದ ಕಡ್ಡಿಯಿಂದ ಎಬ್ಬಿಸಿ ತೆಗೆಯಿರಿ. ಕೆಲವು ಅಗ್ಗದ ಮಾಲಿನಲ್ಲಿ ಅದು ಅಂಟಿಕೊಂಡೇ ಬರುತ್ತದೆ, ಆಗ ಬಿಲ್ಲೆ ಇಲ್ಲದ ಬರೀ ಜಾಲರಿ ಬೇರೆ ಕೊಳ್ಳಿ. ಡ್ರಿಲ್ ಹಾಕಿ ತೂತು ದೊಡ್ಡದು ಮಾಡುವವರಿದ್ದಾರೆ, ಅದು ಬೇಡ. ತೂತು ಓರೆಯಾಗಿ ಧಾರೆ ಓರೆಯಾಗುತ್ತದೆ, ಪ್ಲಾಸ್ಟಿಕ್ ಚೂರು ಜಾಲರಿಯಲ್ಲೇ ಕೂರುತ್ತದೆ. ಕವಚ ಪೂರ್ತಿ ತೆಗೆದು ಬಿಟ್ಟರೆ ಧಾರೆ ತಿರುಚಿಕೊಂಡು ಬಂದು ತಟ್ಟೆಗೆ ಬಡಿದು ಬಟ್ಟೆಯೆಲ್ಲ ಒದ್ದೆ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಬಿಳಿ ಹೆಕ್ಕಳಿಕೆ ತೆಗೆಯಲು ಏನು ಬಳಸಬೇಕು? ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿದರೆ ತಕ್ಷಣ ಹೋಗುತ್ತೆ ಅಂತ ಹೇಳುತ್ತಾರೆ.

ಗೌರಿಬಿದನೂರು ಅಡುಗೆಮನೆ

ಆ ಆಸಿಡ್ ಬೇಡವೇ ಬೇಡ. ಅದು ಹೈಡ್ರೋಕ್ಲೋರಿಕ್. ಸುಣ್ಣದ ಜೊತೆಗೆ ಕ್ರೋಮ್ ಹೊಳಪನ್ನೂ ತಿಂದು ಹಾಕುತ್ತೆ, ಕೆಳಗಿನ ಹಿತ್ತಾಳೆ ಕಪ್ಪಾಗುತ್ತೆ. ಬ್ಲೀಚಿಂಗ್ ಪುಡಿ ಅಲ್ಲೇ ಎಲ್ಲಾದರೂ ಇದ್ದು ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತೆ, ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೆ ಅಪಾಯ.

ದಿನಸಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ, ಸುಮಾರು 15 ಗ್ರಾಂ. ಜಾಲರಿಯ ಭಾಗಗಳನ್ನು ಬಿಡಿ ಬಿಡಿಯಾಗಿ ಹಾಕಿ ಅರ್ಧ ಗಂಟೆ ಬಿಡಿ. ರಬ್ಬರ್ ವಾಶರ್ ಮಾತ್ರ ಹೊರಗಿಡಿ. ಮೊದಲು ಗುಳ್ಳೆ ಏಳುತ್ತೆ. ಗುಳ್ಳೆ ನಿಂತರೂ ಬಿಳಿ ಉಳಿದಿದ್ದರೆ ಹುಳಿ ತೀರಿದೆ ಅಂತ, ಹೊಸ ನೀರು ಬೆರೆಸಿ. ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಜಾಲರಿಯನ್ನು ತಿರುಗಿಸಿ ಹಿಂದಿನಿಂದ ನೀರು ಬಿಡಿ. ಸೂಜಿ ಚುಚ್ಚಿ ಕಣ್ಣು ದೊಡ್ಡದು ಮಾಡಬೇಡಿ.

ವಿನೆಗರ್ ಆದರೂ ಆಗುತ್ತೆ, ಅದರಲ್ಲಿ ಹುಳಿ ನೂರಕ್ಕೆ ನಾಲ್ಕೈದು ಭಾಗ ಮಾತ್ರ, ಹಾಗಾಗಿ ಒಂದೆರಡು ಗಂಟೆ ಬೇಕು. ಜಾಲರಿ ಬಿಚ್ಚಲು ಬರದಷ್ಟು ಕಟ್ಟಿಕೊಂಡಿದ್ದರೆ ಪ್ಲಾಸ್ಟಿಕ್ ಕವರಿಗೆ ವಿನೆಗರ್ ತುಂಬಿ, ನಲ್ಲಿ ಮೂತಿ ಮುಳುಗುವಂತೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ರಾತ್ರಿಯೆಲ್ಲ ಬಿಡಬೇಡಿ, ಹೊಳಪು ಮಂಕಾಗುತ್ತೆ. ಒಂದು ಗಂಟೆ ಸಾಕು.

ಅಡುಗೆ ಸೋಡಾವನ್ನು ವಿನೆಗರ್ ಜೊತೆ ಕಲಸಿ ಹಾಕಿ ಎಂದು ಎಲ್ಲ ಕಡೆ ಹೇಳುತ್ತಾರೆ. ಎರಡೂ ಒಂದನ್ನೊಂದು ಕೊಂದುಕೊಳ್ಳುತ್ತವೆ, ನೊರೆ ಬರುತ್ತೆ ಅಷ್ಟೆ. ಸುಣ್ಣ ಕರಗಿಸುವ ಹುಳಿ ಉಳಿಯೋದೇ ಇಲ್ಲ.

ಶಿರಾ ಗೇಟ್ (ತುಮಕೂರು)

ಊರಿನಿಂದ ಊರಿಗೆ ಕಟ್ಟುವ ಕಸ ಬೇರೆ, ಇದನ್ನು ಗಮನಿಸಿ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಗೆ ವರ್ಷವಿಡೀ ಹರಿಯುವ ನದಿ ಇಲ್ಲ, ಬೋರ್ ನೀರೇ ಹೆಚ್ಚು. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಕೆರೆಗಳಿಗೆ ಬಂದು ಅಂತರ್ಜಲಕ್ಕೆ ಇಂಗುತ್ತಿದ್ದರೂ ಬಂಡೆಯ ಸಂದಿನಲ್ಲಿ ನಿಂತ ಬೋರ್ ನೀರಿನ ಗಡಸುತನ ಹೋಗಿಲ್ಲ. ಅಲ್ಲಿ ಜಾಲರಿಯಲ್ಲಿ ಕೂರುವುದು ಸುಣ್ಣ, ಅದಕ್ಕೆ ಹುಳಿಯೇ ಮದ್ದು. ತುಮಕೂರು ನಗರದ ಕೊಳಾಯಿಗೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತೆ. ಸುಣ್ಣ ಕಡಿಮೆ, ನುಣ್ಣನೆಯ ಕೆಸರು ಮತ್ತು ಪಾಚಿ ಲೋಳೆ ಹೆಚ್ಚು. ಅದಕ್ಕೆ ನಿಂಬೆ ಉಪ್ಪು ಹಾಕಿ ಕಾಯುವುದು ವ್ಯರ್ಥ, ಸೋಪು ನೀರು ಮತ್ತು ಬ್ರಷ್ ಸಾಕು. ಕಂದು ಬಣ್ಣದ ಪುಡಿ ಸಿಕ್ಕಿದರೆ ಹಳೇ ಜಿಐ ಪೈಪಿನ ತುಕ್ಕು. ಎಷ್ಟು ತೊಳೆದರೂ ಮತ್ತೆ ಬರುತ್ತೆ, ಪೈಪ್ ಬದಲಿಸದೆ ಬಿಡುಗಡೆ ಇಲ್ಲ.

ಬಿಸಿನೀರು ಬರೀ 2 ಲೀಟರ್ ಬರುವುದಕ್ಕೂ ಸುಣ್ಣವೇ ಕಾರಣ ಇರಬಹುದು. ಗಡಸು ನೀರು ಕಾದಾಗ ಸುಣ್ಣ ಬೇರ್ಪಟ್ಟು ಲೋಹಕ್ಕೆ ಅಂಟುತ್ತೆ. ಅದಕ್ಕೇ ಬಿಸಿನೀರಿನ ಕವಲು ಮೊದಲು ಕಟ್ಟುವುದು. ಕರೆಂಟ್ ಗೀಸರ್ ಇರುವವರು 50–55 ಡಿಗ್ರಿಗೆ ಇಟ್ಟರೆ ಕಟ್ಟುವ ವೇಗ ಕಡಿಮೆಯಾಗುತ್ತೆ.

ಪೈಪು ಪಾನಾ (ಮುಳಬಾಗಿಲು)

ಗ್ಯಾಸ್ ಗೀಸರ್ ವಿಷಯ ಬಂತು, ಇದನ್ನ ಸರಿಯಾಗಿ ಹೇಳ್ಬೇಕು. ಒಳಗೆ ರಬ್ಬರ್ ಪರದೆ ಒಂದು ಇರ್ತದೆ. ನೀರಿನ ತಳ್ಳಾಟಕ್ಕೆ ಅದು ಉಬ್ಬಿ ಸ್ವಿಚ್ ಒತ್ತಿದ್ರೆ ಮಾತ್ರ ಕಿಡಿ ಹೊಡೆದು ಗ್ಯಾಸ್ ತೆರೀತದೆ. ಸಾಮಾನ್ಯವಾಗಿ ನಿಮಿಷಕ್ಕೆ 2.5 ಲೀಟರ್ ಆದ್ರೂ ಹರೀಬೇಕು. ಅಷ್ಟಿಲ್ಲ ಅಂದ್ರೆ ಗೀಸರ್ ಕೆಟ್ಟಿಲ್ಲ, ಹೊತ್ತಲ್ಲ ಅಷ್ಟೆ. ಹಾಗಾಗಿ ಗ್ಯಾಸ್ ಗೀಸರ್ ಲೈನಿನ ನಲ್ಲಿಗೆ ಯಾವ ಬಿಲ್ಲೇನೂ ಬೇಡ, ನೀರು ಉಳಿಸೋ ಶವರ್ರೂ ಬೇಡ.

ಜಾಲರಿ ಬಿಚ್ಚಿದ್ರೂ 2 ಲೀಟರೇ ಅಂದ್ರೆ ಗೀಸರ್ ತಣ್ಣೀರು ಬಾಯಲ್ಲಿ ಒಂದು ಸಣ್ಣ ಜರಡಿ ಇರ್ತದೆ, ಅದನ್ನ ತೆಗೆದು ತೊಳೀರಿ. ಗೀಸರ್ ಮೈಮೇಲಿನ ನೀರಿನ ತಿರುಪು ಕಡಿಮೇಲಿದ್ರೆ ಜಾಸ್ತಿ ಮಾಡಿ. ಮಿಕ್ಸರ್ ನಲ್ಲೀಲಿ ಬಿಸಿನೀರಿಗೆ ತಣ್ಣೀರು ಬೆರೆಸಿದ ಕೂಡಲೇ ಆರಿಹೋಗ್ತದೆ ಅನ್ನೋರಿಗೆ ಕಾರಣ ಇದೇ: ತಣ್ಣೀರು ತೆರೆದಷ್ಟೂ ಬಿಸಿ ಕಡೆ ಹರಿವು ಕಮ್ಮಿ. ಬಿಸಿನೀರನ್ನ ಬಕೆಟ್ಟಿಗೆ ಹಿಡಿದು ಆಮೇಲೆ ತಣ್ಣೀರು ಸೇರಿಸ್ಕೊಳ್ಳಿ.

ಒತ್ತಡ ಕಡಿಮೆ ಅಂತ ಹೊತ್ತಿಸಲಿಕ್ಕೆ ಸ್ವಿಚ್ಚಿಗೆ ತಂತಿ ಸುತ್ತಿ ಶಾರ್ಟ್ ಮಾಡೋರು ಇದ್ದಾರೆ. ದಯವಿಟ್ಟು ಮಾಡ್ಬೇಡಿ. ನೀರಿಲ್ಲದೆ ಉರಿದ್ರೆ ಒಳಗಿನ ತಾಮ್ರದ ಸುರುಳಿ ಸುಟ್ಟು ಒಡೀತದೆ. ಗೀಸರ್ರೂ ಸಿಲಿಂಡರ್ರೂ ಬಚ್ಚಲ ಒಳಗೆ ಇರಬಾರದು, ಹೊರಗೆ ಗಾಳಿ ಆಡೋ ಜಾಗದಲ್ಲೇ ಇರ್ಬೇಕು. ಮುಚ್ಚಿದ ಕೋಣೇಲಿ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೇನೂ ಇಲ್ಲ, ಗೊತ್ತಾಗೋ ಹೊತ್ತಿಗೆ ಕೈಕಾಲು ಆಡೋದಿಲ್ಲ.

ಮಾಲೂರು ಹೆಂಚು

ಕೊಳಾಯಿ ನೀರು ಹಿಡಿಯುವವರಿಗೆ ಇನ್ನೊಂದು. ಕೆಲವು ದಿನಕ್ಕೊಮ್ಮೆ ನೀರು ಬಿಡುವ ಬಡಾವಣೆಯಲ್ಲಿ ನಡುವಿನ ದಿನಗಳಲ್ಲಿ ಪೈಪ್ ಖಾಲಿ. ನೀರು ಬಿಟ್ಟಾಗ ಮೊದಲು ಗಾಳಿ, ಆಮೇಲೆ ಕೆಂಪು ನೀರು, ಮರಳು. ಆ ಮೊದಲ ಕೆಲವು ನಿಮಿಷದ ನೀರನ್ನು ಅಂಗಳದ ಬಿಡಿ ನಲ್ಲಿಯಲ್ಲಿ ಬಕೆಟ್‌ಗೆ ಹಿಡಿದು ಗಿಡಕ್ಕೆ ಹಾಕಿ, ತಿಳಿಯಾದ ಮೇಲೆ ಸಂಪ್ ತೊಟ್ಟಿಗೆ ಬಿಡಿ. ಜಾಲರಿ ತೊಳೆಯುವ ಕೆಲಸ ಬಹಳ ಕಡಿಮೆಯಾಗುತ್ತೆ.

ವೈ-ಸ್ಟ್ರೈನರ್ (ಪೈಪಿನಲ್ಲಿ ಕಸ ಹಿಡಿಯುವ ಜರಡಿ) ಹಾಕುವುದಾದರೆ ಮೋಟಾರಿನಿಂದ ಟ್ಯಾಂಕಿಗೆ ಏರುವ ಪೈಪಿನಲ್ಲಿ ಹಾಕಿ. ಅಲ್ಲಿ ಮೋಟಾರಿನ ತಳ್ಳು ಇದೆ. ಟ್ಯಾಂಕಿನಿಂದ ಇಳಿಯುವ ಪೈಪಿಗೆ ಹಾಕಿದರೆ ಇರುವ ಕಾಲು ಬಾರ್‌ನಲ್ಲಿ ಅದೂ ಒಂದಷ್ಟು ತಿನ್ನುತ್ತೆ.

ಅಂತರಗಂಗೆ ಬದಿ (ಕೋಲಾರ)

ಸಿಂಕ್‌ನ ತಡೆ ಸಿಕ್ಕಿತು: ಕನೆಕ್ಷನ್ ಪೈಪಿನ ಉಬ್ಬಿದ ವಾಶರ್, ಜೊತೆಗೆ ಕಾರ್ಟ್ರಿಜ್ ಒಳಗೆ ಟೇಪು. ಈಗ ಜಾಲರಿ ಇಲ್ಲದೆ 6.6, ಬಿಲ್ಲೆ ತೆಗೆದ ಜಾಲರಿ ಹಾಕಿದರೆ 4.5 ಲೀಟರ್. ಗೀಸರ್ ಜರಡಿ ತೊಳೆದ ಮೇಲೆ ಹೊತ್ತುತ್ತಿದೆ. ಒತ್ತಡ ಇನ್ನಷ್ಟು ಬೇಕೆಂದರೆ ಸ್ಟ್ಯಾಂಡ್ ಮೇಲೆ ಟ್ಯಾಂಕ್ ಏರಿಸುವುದಾ, ಪ್ರೆಷರ್ ಪಂಪಾ?

ಶಿರಾ ಗೇಟ್ (ತುಮಕೂರು)

4.5 ಲೀಟರ್ ಪಾತ್ರೆ ತೊಳೆಯಲು ಬೇಕಾದಷ್ಟಾಯಿತು. ಪಂಪಿಗೆ ದುಡ್ಡು ಹಾಕುವ ಮೊದಲು ಪೈಪಿನ ಗಾತ್ರ ನೋಡಿ. ಅರ್ಧ ಇಂಚಿನ ಸಿಪಿವಿಸಿ 6 ಮೀಟರ್ ಉದ್ದ ಓಡಿ ನಿಮಿಷಕ್ಕೆ 10 ಲೀಟರ್ ಹರಿದರೆ, ಸುಮಾರು 1 ಮೀಟರ್ ಎತ್ತರದ ಒತ್ತಡ ಪೈಪಿನಲ್ಲೇ ಕಳೆದುಹೋಗುತ್ತೆ. ಮುಕ್ಕಾಲು ಇಂಚಿನಲ್ಲಿ ಅದೇ ನೀರು ಹರಿದರೆ ಹೋಗುವುದು 20 ಸೆಂಟಿಮೀಟರ್. ಎರಡೂವರೆ ಮೀಟರ್ ಇರುವ ಮನೆಯಲ್ಲಿ ಒಂದು ಮೀಟರ್ ಅಂದರೆ ಎಷ್ಟು ದೊಡ್ಡ ಪಾಲು ನೋಡಿ. ಟ್ಯಾಂಕಿನಿಂದ ಇಳಿಯುವ ಪೈಪ್ ಒಂದೂಕಾಲು ಇಂಚು, ಕೋಣೆಗಳಿಗೆ ಕವಲು ಮುಕ್ಕಾಲು, ನಲ್ಲಿಯ ಹತ್ತಿರದ ಕೊನೆಯ ಒಂದು ಮೀಟರ್ ಮಾತ್ರ ಅರ್ಧ ಇಂಚು ಇರಲಿ.

ಒಂದು ಎಚ್ಚರಿಕೆ, ಬಿಸಿನೀರಿನ ಪೈಪ್ ಉದ್ದ ಇದ್ದರೆ ದಪ್ಪ ಮಾಡಬೇಡಿ. 10 ಮೀಟರ್ ಮುಕ್ಕಾಲು ಇಂಚಿನ ಪೈಪಿನೊಳಗೆ ಎರಡೂವರೆ ಲೀಟರ್ ತಣ್ಣೀರು ನಿಂತಿರುತ್ತೆ, ಪ್ರತಿ ಸಲ ಅದು ಹೋದ ಮೇಲೆಯೇ ಬಿಸಿ. ಅರ್ಧ ಇಂಚಿನಲ್ಲಿ ಅದರ ಅರ್ಧ. ಗೀಸರನ್ನು ನಲ್ಲಿಯ ಹತ್ತಿರಕ್ಕೆ ತರುವುದೇ ಸರಿಯಾದ ಉಪಾಯ.

ಟ್ಯಾಂಕ್ ಏರಿಸಿದರೆ ಪ್ರತಿ ಮೀಟರಿಗೆ 0.1 ಬಾರ್. ಎರಡೂವರೆ ಮೀಟರಿನಿಂದ ನಾಲ್ಕಕ್ಕೆ ಹೋದರೆ ಹರಿವು ಕಾಲು ಭಾಗದಷ್ಟು ಹೆಚ್ಚಾಗುತ್ತೆ, ದುಪ್ಪಟ್ಟು ಆಗುವುದಿಲ್ಲ. 1000 ಲೀಟರ್ ಅಂದರೆ ಒಂದು ಟನ್. ಸ್ಟ್ಯಾಂಡಿನ ಕಾಲು ಬರೀ ಮೋಲ್ಡಿನ ಮಧ್ಯೆ ಬರಬಾರದು, ಕೆಳಗೆ ಪಿಲ್ಲರ್ ಅಥವಾ ಬೀಮ್ ಇರುವ ಕಡೆಯೇ ಕೂರಬೇಕು. ಕರೆಂಟು ಬೇಡ, ಕೆಡುವುದಿಲ್ಲ ಎಂಬ ಕಾರಣಕ್ಕೆ ನನ್ನ ಒಲವು ಇದಕ್ಕೇ.

ಚಿಂತಾಮಣಿಯ ಅಂಗಡಿಯವ

ಪಂಪ್ ಹಾಕುವವರು ಮೂರು ವಿಷಯ ನೋಡಿಕೊಳ್ಳಿ. ಅರ್ಧ ಎಚ್‌ಪಿ ಸಾಕು, ಒಂದೂವರೆ ಬಾರ್ ಹತ್ತಿರ ಕೊಡುತ್ತದೆ. ಪಕ್ಕದಲ್ಲಿ ನಾನ್ ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಹರಿಯದಂತೆ ತಡೆಯುವುದು) ಇರುವ, ಪಂಪಿನೊಳಗೆ ಹೋಗದೆ ನೀರು ಸಾಗುವ ಬೈಪಾಸ್ ಲೈನ್ ಇರಲೇಬೇಕು, ಇಲ್ಲದಿದ್ದರೆ ಕರೆಂಟು ಹೋದಾಗ ಮೊದಲಿದ್ದಷ್ಟು ನೀರೂ ಬರುವುದಿಲ್ಲ. ಮೂರನೆಯದು ಫ್ಲೋ ಸ್ವಿಚ್: ನಿಮಿಷಕ್ಕೆ ಒಂದೂವರೆ ಎರಡು ಲೀಟರ್ ಹರಿದರೆ ಮಾತ್ರ ಅದು ಪಂಪ್ ಶುರು ಮಾಡುತ್ತದೆ. 2 ಲೀಟರಿನ ಬಿಲ್ಲೆ ಇರುವ ಬೇಸಿನ್ ನಲ್ಲಿ ಒಂದನ್ನೇ ತೆರೆದರೆ ಪಂಪ್ ಟಕ್ ಟಕ್ ಎಂದು ಹತ್ತಿ ಆರಿ ಹತ್ತಿ ಆರಿ ಕೆಲವೇ ತಿಂಗಳಲ್ಲಿ ಸ್ವಿಚ್ ಸುಡುತ್ತದೆ.

ಪಂಪ್ ಬಂದ ಮೇಲೆ ಬಿಡಿ ನಲ್ಲಿ ದಬದಬ ಸುರಿಯುತ್ತದೆ. ಆಗ ತೆಗೆದಿಟ್ಟ 6 ಲೀಟರಿನ ಬಿಲ್ಲೆ ವಾಪಸ್ ಹಾಕಿ. ಒಂದೂವರೆ ಬಾರ್‌ನಲ್ಲಿ ಅದು ನಾಲ್ಕು ಲೀಟರ್ ಚಿಲ್ಲರೆ ಕೊಡುತ್ತದೆ, ನೊರೆಯೂ ಚೆನ್ನಾಗಿ ಬರುತ್ತದೆ. ನಗರಸಭೆಯ ಪೈಪಿಗೆ ನೇರವಾಗಿ ಪಂಪ್ ಜೋಡಿಸುವುದು ತಪ್ಪು, ಸೋರುವ ಜಾಯಿಂಟುಗಳಿಂದ ಚರಂಡಿ ನೀರನ್ನೂ ಎಳೆದುಕೊಳ್ಳುತ್ತದೆ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಬೆಂಗಳೂರಿನಲ್ಲಿ ಏರಿಯೇಟರ್ ಕಡ್ಡಾಯ ಮಾಡಿದ್ದರಲ್ಲ, ಇಲ್ಲೂ ಎಲ್ಲ ಮನೆಗೆ ಹಾಕಬೇಕು ಅಂತ ಬಂದರೆ?

ಶಿರಾ ಗೇಟ್ (ತುಮಕೂರು)

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕಡ್ಡಾಯ ಮಾಡಿದ್ದು ಮುಖ್ಯವಾಗಿ ವಾಣಿಜ್ಯ ಕಟ್ಟಡ, ಹೋಟೆಲ್, ಉದ್ದಿಮೆ, ಅಪಾರ್ಟ್‌ಮೆಂಟ್‌ನಂಥ ಕಡೆ. ಎತ್ತರದ ಕಟ್ಟಡ, ಪಂಪಿನ ಒತ್ತಡ, ದಿನವಿಡೀ ಕೈ ತೊಳೆಯುವ ಜನ. ಅಲ್ಲಿ ಅದು ನಿಜಕ್ಕೂ ನೀರು ಉಳಿಸುತ್ತೆ. ನಮ್ಮ ಊರುಗಳ ಕಲ್ಯಾಣ ಮಂಟಪ, ಹಾಸ್ಟೆಲ್, ಹೋಟೆಲ್‌ಗಳ ಕೈತೊಳೆಯುವ ಸಾಲಿಗೂ ಬೇಕು. ಒಂದಂತಸ್ತಿನ ಮನೆಗೆ ಅದೇ ಅಳತೆ ಹೇರಿದರೆ ಜನ ಕಿತ್ತೆಸೆಯುತ್ತಾರೆ, ಎಸೆದ ಮೇಲೆ ಉಳಿಸಬಹುದಾದ ಬೇಸಿನ್‌ನಲ್ಲೂ ಉಳಿಯುವುದಿಲ್ಲ. ನನಗೆ ಬೇಸರ ಆಗುವುದು ಅದಕ್ಕೇ. ಡಬ್ಬಿಯ ಮೇಲೆ 3 ಬಾರ್‌ನ ಅಂಕಿಯ ಜೊತೆ ಕಾಲು ಬಾರ್‌ನಲ್ಲಿ ಎಷ್ಟು ಅಂತಲೂ ಅಚ್ಚು ಹಾಕಿದರೆ ಈ ಗೊಂದಲದ ಅರ್ಧ ಇರುತ್ತಿರಲಿಲ್ಲ.

ಗೌರಿಬಿದನೂರು ಅಡುಗೆಮನೆ

ಉಳಿತಾಯದ ಮಾತು ಬಂದಾಗ ಆರ್‌ಒ ಯಂತ್ರವನ್ನೂ ಲೆಕ್ಕಕ್ಕೆ ತನ್ನಿ. ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತೆ. ಆ ಪೈಪನ್ನು ಸಿಂಕ್‌ಗೆ ಬಿಡದೆ ಬಕೆಟ್‌ಗೆ ಬಿಟ್ಟು ನೆಲ ಒರೆಸಲು, ಟಾಯ್ಲೆಟ್‌ಗೆ ಬಳಸಿ. ನಮ್ಮ ಕಡೆ ನೀರಿನಲ್ಲಿ ಅದು ಇನ್ನೂ ಉಪ್ಪಾಗಿರುತ್ತೆ, ಕುಂಡದ ಗಿಡಕ್ಕೆ ದಿನಾ ಹಾಕಿದರೆ ಎಲೆಯ ಅಂಚು ಸುಡುತ್ತೆ.

ಮಾಲೂರು ಹೆಂಚು

ಮೇಲೆ ಒಂದು ಅಂತಸ್ತು ಕಟ್ಟುವ ಯೋಚನೆ ಇರುವವರು ಗಮನಿಸಿ: ಟ್ಯಾಂಕ್ ಮೇಲಕ್ಕೆ ಹೋದರೆ ಕೆಳಗಿನ ಮನೆಗೆ ಐದೂವರೆ ಮೀಟರ್ ಸಿಗುತ್ತೆ, ಮೇಲಿನ ಮನೆಗೆ ಮತ್ತೆ ಎರಡೂವರೆಯೇ. ಒಂದೇ ಪೈಪಿನಿಂದ ಎರಡಕ್ಕೂ ಕವಲು ಕೊಟ್ಟರೆ ಕೆಳಗೆ ಬಚ್ಚಲ ನಲ್ಲಿ ತೆರೆದ ಕೂಡಲೇ ಮೇಲಿನ ಸಿಂಕ್ ಸೊರಗುತ್ತೆ. ಟ್ಯಾಂಕಿಗೆ ಎರಡು ಬಾಯಿ ಮಾಡಿಸಿ, ಒಂದೊಂದು ಅಂತಸ್ತಿಗೆ ಒಂದೊಂದು ಪೈಪ್ ಇಳಿಸಿ, ಎರಡಕ್ಕೂ ಬೇರೆ ಬೇರೆ ಬಾಲ್ ವಾಲ್ವ್. ಗೇಟ್ ವಾಲ್ವ್ ಬೇಡ, ಗಡಸು ನೀರಿನಲ್ಲಿ ಅದರ ತಟ್ಟೆ ಕಳಚಿ ಕೆಳಗೆ ಬಿದ್ದು ಚಕ್ರ ತಿರುಗಿದರೂ ದಾರಿ ಮುಚ್ಚಿಯೇ ಇರುತ್ತೆ. ಪ್ರತಿ ಪೈಪಿಗೂ ವಾಲ್ವ್ ಆದ ಕೂಡಲೇ ಅರ್ಧ ಇಂಚಿನ ಗಾಳಿ ಪೈಪ್ ಒಂದನ್ನು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಕ್ಕೆ ಎತ್ತಿ ಬಿಡಿ. ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದಾಗ ಗಾಳಿ ಸಿಕ್ಕಿಕೊಂಡು ನಲ್ಲಿ ಗೊರಗೊರ ಅನ್ನುವುದು ನಿಲ್ಲುತ್ತೆ. ಕೆಳಗಿನ ಅಂತಸ್ತಿನ ಬೇಸಿನ್‌ಗೆ 8 ಲೀಟರಿನ ಬಿಲ್ಲೆ ಇರಲಿ, ಮೇಲಿನದಕ್ಕೆ ಬರೀ ಜಾಲರಿ.